ಟಕ್ ಅಂದ ಮೇಲಿನ ಕೊಸರು

ಸಣ್ಣಪ್ಪ ಬ್ರೇಕಿನ ಬೋಲ್ಟು ಲೂಸ್ ಬಿಟ್ಟ, ಹುಲಿಗೆಪ್ಪನ ಗಾಡಿ ಕಡ್ಡಿರಾಂಪುರದ ತಿರುವಿನಲ್ಲಿ ಬಾಳೆತೋಟಕ್ಕೆ ನುಗ್ಗಿತು, ಮುಖ ತೋರಿಸಲಾರದೆ ಸಣ್ಣಪ್ಪ ಮನೆ ಬಿಟ್ಟ. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದೇ ಕಥೆ, ಇದೇ ಕ್ರಮದಲ್ಲಿ. ಹೇಳುವವರಲ್ಲಿ ಒಬ್ಬರೂ ಆ ಬೋಲ್ಟನ್ನು ಕಣ್ಣಿನಿಂದ ಕಂಡವರಲ್ಲ. ಇಷ್ಟು ನುಣ್ಣಗಿರುವ ಕಥೆ ಕಂಡರೆ ನನಗೆ ಅನುಮಾನ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಪಾಠ ದೊಡ್ಡದೇನಲ್ಲ: ಎದುರಿನವರ ವಾದದಲ್ಲಿ ಎಲ್ಲರೂ ಒಪ್ಪಿಕೊಂಡು ಯಾರೂ ಮುಟ್ಟಿ ನೋಡದ ಶಬ್ದ ಒಂದಿರುತ್ತದೆ, ಅದನ್ನು ಹಿಡಿ, ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಆ ಶಬ್ದ ‘ಲೂಸ್’. ಅದನ್ನು ಹಿಡಿದು ಎಳೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಎಳೆದ ಮೇಲೆ ಗೆದ್ದ ಸಂತೋಷವೇನೂ ಆಗಲಿಲ್ಲ. ಇನ್ನು ಯಾರಿಗೂ ಉಪಯೋಗವಿಲ್ಲದ ಒಂದು ಸತ್ಯ ಕೈಗೆ ಬಂತು, ಅಷ್ಟೆ.

ಹೊಸಪೇಟೆಯಿಂದ ಕಂಪ್ಲಿ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮ ಮನೆ. ಮುಂದೆ ಗ್ಯಾರೇಜು, ಹಿಂದೆ ಮನೆ ಎಂದು ಹೇಳುವುದು ರೂಢಿ. ಆದರೆ ಗ್ಯಾರೇಜು ಎಲ್ಲಿ ಮುಗಿಯುತ್ತದೆ, ಮನೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಅಡುಗೆಮನೆಯ ನೀರಿನ ಹಂಡೆ ಹಳೆಯ ಬ್ರೇಕ್ ಡ್ರಮ್ಮಿನ ಮೇಲೆ ಕೂತಿತ್ತು. ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆಂದು ಸವೆದ ಡಿಸ್ಕು. ಅಂಗಳದ ನಡುವೆ ಗಾಡಿಯ ಅಡಿ ಕೆಲಸ ಮಾಡಲು ತೋಡಿದ ಗುಂಡಿ. ಭಾನುವಾರ ಗಾಡಿ ಇಲ್ಲದಾಗ ಅದರ ಮೇಲೆ ಹಲಗೆ ಹಾಸಿ ಅಜ್ಜಿ ಹಪ್ಪಳ ಒಣಗಿಸುತ್ತಿದ್ದಳು. ಅಪ್ಪನಿಗೆ ಊರೆಲ್ಲ ಬಸಣ್ಣ ಮೇಸ್ತ್ರಿ ಎನ್ನುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಸೋಪಿನಪುಡಿಯಲ್ಲಿ ತಿಕ್ಕಿ ಬಂದರೂ ಅವನ ಬೆರಳ ಗೆರೆಗಳಲ್ಲಿ ಗ್ರೀಸು ಉಳಿದೇ ಇರುತ್ತಿತ್ತು. ಬಿಳಿ ಜೋಳದ ರೊಟ್ಟಿ ಮುರಿದಲ್ಲೆಲ್ಲ ಅಂಚಿಗೆ ಬೂದುಬಣ್ಣದ ಬೆರಳಚ್ಚು. ಅಮ್ಮ ಅದನ್ನು ನೋಡಿ ದಿನಾ ಒಂದೇ ಮಾತು ಹೇಳುತ್ತಿದ್ದಳು.

“ನಿಮ್ಮ ಸಹಿ ಇಲ್ದ ರೊಟ್ಟಿ ಒಂದರ ಉಳಿಸ್ರಿ ನಮಗ.”

ಆ ಮನೆಯನ್ನು ನಡೆಸುತ್ತಿದ್ದದ್ದು ಅಜ್ಜಿಯ ಒಂದು ಶಬ್ದ: ಕೊಸರು. ಮಕ್ಕಳು ಸಣ್ಣವರಿದ್ದಾಗ ಆಕೆ ಕಂಪ್ಲಿ ಸಂತೆಯಲ್ಲಿ ಬದನೆ, ಹೀರೆ ಮಾರಿ ಅವರನ್ನು ಸಾಕಿದವಳು. ತೂಕ ಸರಿಯಾದ ಮೇಲೆ ತಕ್ಕಡಿಗೆ ಮತ್ತೆರಡು ಕಾಯಿ ಹಾಕದೆ ಯಾರನ್ನೂ ಕಳಿಸಿದವಳಲ್ಲ. ಸಂತೆ ಬಿಟ್ಟ ಮೇಲೂ ಕೊಸರು ಬಿಡಲಿಲ್ಲ. ಉಂಡೆದ್ದವರ ತಟ್ಟೆಗೆ ಮತ್ತೊಂದು ಸೌಟು ಅನ್ನ, ಜಳಕ ಮುಗಿದ ಮೇಲೆ ಮತ್ತೊಂದು ತಂಬಿಗೆ ನೀರು, ಜಡೆ ಹೆಣೆದಾದ ಮೇಲೆ ಮತ್ತೊಂದು ಸಲ ಬಾಚಣಿಗೆ. “ಅಳತಿ ಮಾಡಿದ್ದು ಅಂಗಡಿದು, ಮ್ಯಾಲ ಹಾಕಿದ್ದು ಮನಿದು” ಎನ್ನುತ್ತಿದ್ದಳು. ಬೋಲ್ಟು ತಿರುವುವ ಅಪ್ಪನ ಪಾನಾಕ್ಕೂ ಅದೇ ಪಾಠ ಅಂಟಿಕೊಂಡಿತ್ತು. ಯಾವ ಬೋಲ್ಟೇ ಆಗಲಿ, ಬಿಗಿ ಮಾಡಿ ಒಂದು ಗಳಿಗೆ ನಿಲ್ಲುವನು, ಉಸಿರು ಹಿಡಿದು ಕೊನೆಯದೊಂದು ಜಗ್ಗು ಜಗ್ಗುವನು. ಅದು ಕೊಸರು. ಗಿರಾಕಿಗಳಿಗೂ ಅದರ ರುಚಿ ಹತ್ತಿತ್ತು. ಬಗ್ಗಿ ನಿಂತು “ಮೇಸ್ತ್ರಿ, ಕೊಸರು ಹಾಕಿದ್ರೇನ್ರಿ?” ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಕೀಲಿ ಇಸಕೊಳ್ಳುತ್ತಿದ್ದರು. ಇಲ್ಲಿ ನಾನು ಅಪ್ಪನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನ ಕೈ ಸುಳ್ಳು ಹೇಳುತ್ತಿರಲಿಲ್ಲ. ಮುಂದೆ ಕೊಸರು ಬರಲಿಕ್ಕಿದೆ ಎಂದು ಗೊತ್ತಿದ್ದ ಕೈ ಮೊದಲ ಬಿಗಿಯನ್ನು ತುಸು ಹಿಂದೆಯೇ ನಿಲ್ಲಿಸುತ್ತಿತ್ತು. ಅಂದರೆ ಮೇಲೆ ಹಾಕಿದ್ದು ಎಂದು ನಾವೆಲ್ಲ ತಿಳಿದದ್ದು ಅವನ ಲೆಕ್ಕದಲ್ಲಿ ಅಳತೆಯ ಒಳಗೇ ಇತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ಅವನಿಗೂ ಬರುತ್ತಿರಲಿಲ್ಲ.

ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಸಣ್ಣಪ್ಪ ಮನೆಗೆ ವಾಪಸ್ ಬಂದ. ಅಪ್ಪನ ತಮ್ಮ, ನನಗೆ ಸಣ್ಣಪ್ಪ, ಹೆಸರು ವೀರೇಶ. ಸಂಡೂರಿನ ಕಡೆ ಗಣಿಯ ಲಾರಿಗಳ ವರ್ಕ್‌ಶಾಪಿನಲ್ಲಿದ್ದವನು. ಅಲ್ಲಿ ಕೆಲಸ ನಿಂತಿತು, ಟ್ರಂಕು ಹೊತ್ತು ಬಂದ. ಅಂಗಿಯ ಹೊಲಿಗೆಗಳಲ್ಲಿ ಇನ್ನೂ ಕೆಂಪು ಅದಿರಿನ ಧೂಳು. ಟ್ರಂಕಿನೊಳಗೆ ಬಟ್ಟೆಗಿಂತ ಮೇಲೆ, ಟವೆಲಿನಲ್ಲಿ ಸುತ್ತಿಟ್ಟ ಉದ್ದನೆಯ ಒಂದು ಪಾನಾ. ಟಾರ್ಕ್ ಪಾನಾ. ಹಿಡಿಕೆ ತಿರುವಿ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟರೆ, ಬೋಲ್ಟು ಅಷ್ಟಕ್ಕೆ ಬಂದ ಕೂಡಲೇ ಅದು ‘ಟಕ್’ ಎನ್ನುತ್ತಿತ್ತು. ಸಣ್ಣಪ್ಪ ಸಂಭಾವಿತನೇನಲ್ಲ. ಜಂಬದವನು, ಬಾಯಾಳಿ, ಅಣ್ಣನನ್ನು ಕೆಣಕುವುದೆಂದರೆ ಊಟಕ್ಕಿಂತ ಇಷ್ಟ. ಬಂದ ಮೊದಲ ಅಮಾವಾಸ್ಯೆಗೆ ಅಜ್ಜಿ ಉಳಿದ ಸಾಮಾನಿನ ಜೊತೆ ಆ ಪಾನಾವನ್ನೂ ಮಣೆಯ ಮೇಲಿಟ್ಟು ವಿಭೂತಿ ಬಳಿಯಲು ಹೋದಳು. ಸಣ್ಣಪ್ಪ ಓಡಿಬಂದು ಕಸಿದುಕೊಂಡ.

“ಯವ್ವಾ, ಪುಡಿ ಒಳಗ ಹೋದ್ರ ಇದು ಟಕ್ ಅನ್ನೋದು ಬಿಟ್ಟು ಓಂ ಅಂತೈತಿ!”

“ಅನ್ಲಿ ಬಿಡು. ನಿನ್ನ ಬಾಯಾಗಂತೂ ಅದು ಬರಂಗಿಲ್ಲ.”

ನಾನು ವಾದ ಮಾಡಲು ಮೊದಲು ಕಲಿತದ್ದು ಕಾಲೇಜಿನಲ್ಲಲ್ಲ, ನಮ್ಮ ಪಡಸಾಲೆಯ ಊಟದ ಸಾಲಿನಲ್ಲಿ. ಅಪ್ಪ ಒಂದು ಗೋಡೆಗೆ, ಸಣ್ಣಪ್ಪ ಎದುರು ಗೋಡೆಗೆ, ನಡುವೆ ಪುಂಡಿಪಲ್ಲೆಯ ಬೋಗುಣಿ. ರೊಟ್ಟಿ ಬರುವ ಮೊದಲೇ ಜಗಳ ಬರುತ್ತಿತ್ತು. ಒಂದು ಸಲ ಸಣ್ಣಪ್ಪ ನನ್ನ ಜಡೆಯ ರಬ್ಬರ್ ಬ್ಯಾಂಡನ್ನೇ ಕಿತ್ತುಕೊಂಡು ಸಾಕ್ಷಿಗೆ ನಿಲ್ಲಿಸಿದ.

“ನೋಡಣ್ಣ, ಬೋಲ್ಟ್ ಅಂದ್ರ ಗಟ್ಟಿ ರಬ್ಬರ್. ಬಿಗಿ ಮಾಡ್ದಂಗ ಅದು ಜಗ್ಗತೈತಿ. ಜಗ್ಗಿದ್ದು ತಿರುಗಿ ಎಳೀತೈತಿ ನೋಡು, ಆ ಎಳೆತಾನೇ ಗಾಡಿ ಹಿಡ್ಯೋದು. ಮಿತಿ ಮೀರಿ ಜಗ್ಗಿದ್ಯೋ, ತಿರುಗಿ ಎಳೆಯೋ ಶಕ್ತಿನೇ ಹೋತು.”

“ಕಬ್ಬಿಣಕ್ಕ ರಬ್ಬರ್ ಅನ್ನೋನು ನೀನೊಬ್ಬನೇಲೇ. ನನ್ನ ಕೈಯಾಗ ಎಷ್ಟು ಗಾಡಿ ಹೋಗ್ಯಾವು, ಒಂದರ ತಿರುಗಿ ಬಂದೈತೇನು?”

“ಬರದ ಗಾಡಿ ಎಲ್ಲೋ ನಿಂತಿರಬೇಕು. ಹೋಗಿ ನೋಡಿಬಂದಿಯೇನು?”

ಅಪ್ಪ ಸಿಟ್ಟಿನಿಂದ ತಟ್ಟೆ ಸರಿಸಿದರೆ ಸಣ್ಣಪ್ಪ ನನ್ನ ಕಡೆ ತಿರುಗುತ್ತಿದ್ದ. “ಲೇ ವಕೀಲಮ್ಮ, ನೀ ಹೇಳು, ಯಾರು ಗೆದ್ರು?” ನಾನು ಒಂದು ದಿನ ಇವನ ಪರ, ಮತ್ತೊಂದು ದಿನ ಅವನ ಪರ. ಪಾಯಿಂಟು ಹುಡುಕಿ ಹೇಳಿದರೆ ಇಬ್ಬರೂ ನಗುತ್ತಿದ್ದರು, ಸರಿಸಿದ ತಟ್ಟೆ ತಿರುಗಿ ಬರುತ್ತಿತ್ತು. ಮಾತಿನಿಂದ ತಟ್ಟೆಯನ್ನು ವಾಪಸ್ ತರಿಸಬಹುದು ಎಂಬ ನಂಬಿಕೆ ನನ್ನಲ್ಲಿ ಹುಟ್ಟಿದ್ದು ಅಲ್ಲಿ. ಅದು ಎಲ್ಲ ಕಾಲಕ್ಕೂ ನಡೆಯುವಂಥದ್ದಲ್ಲ ಎಂದು ಗೊತ್ತಾದದ್ದೂ ಅದೇ ಪಡಸಾಲೆಯಲ್ಲಿ.

ಊಟದ ಜಗಳ ಅಂಗಳಕ್ಕೆ ಇಳಿದಾಗ ಕಷ್ಟ ಶುರುವಾಯಿತು. ಗಿರಾಕಿಯ ಎದುರೇ ಸಣ್ಣಪ್ಪ “ಕೊಸರು ಬ್ಯಾಡಣ್ಣ” ಎನ್ನುವುದು, ಅಪ್ಪ ಪಾನಾ ಎಸೆಯುವುದು. ಒಂದು ಮಧ್ಯಾಹ್ನ ಇಬ್ಬರೂ ಮಾತು ಬಿಟ್ಟು ಬೇರೆ ಬೇರೆ ಉಣ್ಣಲು ಕೂತಾಗ ಅಜ್ಜಿ ಪಂಚಾಯ್ತಿ ಮಾಡಿದಳು. ನಾನು ಅಲ್ಲೇ ಇದ್ದೆ. ಆ ತೀರ್ಪನ್ನು ನಾನು ಮೆಚ್ಚಿಕೊಂಡಷ್ಟು ಆಮೇಲೆ ಯಾವ ತೀರ್ಪುಗಾರರ ಮಾತನ್ನೂ ಮೆಚ್ಚಿಲ್ಲ.

“ಏ ವೀರೇಶಿ, ಮೊದ್ಲು ನೀ ತಿರುವು, ನಿನ್ನ ಪಾನಾ ಟಕ್ ಅನ್ನೋತನಕ. ಆಮ್ಯಾಲ ಬಸಣ್ಣ ಒಂದು ಕೊಸರು ಹಾಕ್ಲಿ. ಇಬ್ಬರದೂ ಆತಲ್ಲ? ಇನ್ನ ಒಂದ ತಟ್ಟ್ಯಾಗ ಉಣ್ರಿ.”

ಇಬ್ಬರೂ ಒಪ್ಪಿದರು. ಅಪ್ಪನ ಹಿರಿತನ ಉಳಿಯಿತು, ಸಣ್ಣಪ್ಪನ ವಿದ್ಯೆ ಉಳಿಯಿತು, ಮನೆಯಲ್ಲಿ ನಗು ವಾಪಸ್ ಬಂತು. ನ್ಯಾಯ ಇಬ್ಬರಿಗೂ ಸಮನಾಗಿ ಸಂದಿತು, ಬೋಲ್ಟಿನ ಪಾಲನ್ನು ಕೇಳುವವರು ಮಾತ್ರ ಇರಲಿಲ್ಲ. ಅಪ್ಪ ಒಬ್ಬನೇ ಬಿಗಿ ಮಾಡಿದ್ದರೆ ಸರಿಯಾಗಿರುತ್ತಿತ್ತು. ಸಣ್ಣಪ್ಪ ಒಬ್ಬನೇ ಮಾಡಿದ್ದರೂ ಸರಿಯಾಗಿರುತ್ತಿತ್ತು. ಟಕ್ ಎಂದರೆ ಅಳತೆ ಮುಗಿಯಿತು ಎಂದರ್ಥ. ಅದರ ಮೇಲೆ ಬಿದ್ದ ಜಗ್ಗಿಗೆ ಒಳಗೆ ಜಾಗವೇ ಇರಲಿಲ್ಲ. ಎರಡು ಸರಿಗಳನ್ನು ಕೂಡಿಸಿ ಒಂದು ತಪ್ಪು ಮಾಡಿದೆವು, ಅದನ್ನು ರಾಜಿ ಎಂದು ಕರೆದೆವು. ಸಣ್ಣಪ್ಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಣ್ಣ ಕೊಸರು ಹಾಕುವಾಗ ಅವನು ಮುಖ ತಿರುಗಿಸಿ ಬೀಡಿ ಹಚ್ಚಿಕೊಳ್ಳುತ್ತಿದ್ದ. ಅವ್ವನ ಮಾತು, ಅಣ್ಣನ ಕೈ, ಬೆಳಗಿನಿಂದ ನೆಟ್ಟಗಿದ್ದ ಮನೆ. ಮೀರಿ ಮಾತಾಡಿದರೆ ಮತ್ತೆ ಬೇರೆ ಬೇರೆ ತಟ್ಟೆ.

ಹುಲಿಗೆಪ್ಪ ಸ್ಟೇಷನ್ನಿನಿಂದ ಹಂಪಿಗೆ ಪ್ರವಾಸಿಗಳನ್ನು ಕರೆದೊಯ್ಯುವ ಟ್ಯಾಕ್ಸಿ ಡ್ರೈವರು, ಕಡ್ಡಿರಾಂಪುರದವನು. ಮುಂದಿನ ಬ್ರೇಕಿನ ಪ್ಯಾಡು ಹಾಕಿಸಲು ಬಂದಿದ್ದ. ಡಿಸ್ಕನ್ನು ಕಚ್ಚಿಹಿಡಿಯುವ ಕ್ಯಾಲಿಪರ್ ಗಾಡಿಗೆ ಕೂರುವುದು ಬೋಲ್ಟುಗಳ ಮೇಲೆ. ಸಣ್ಣಪ್ಪ ಅವನ್ನು ಬಿಗಿ ಮಾಡಿದ. ಟಕ್. ಅಪ್ಪ ಬಂದು ತನ್ನ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದ. ಹುಲಿಗೆಪ್ಪ ಚಹಾ ಕುಡಿಯುತ್ತ ನಕ್ಕಿದ್ದು ನನಗೆ ನೆನಪಿದೆ.

“ಮೇಸ್ತ್ರಿ, ನನ್ನ ಗಾಡೀಗೆ ಭಾಳ ಪ್ರೀತಿ ತೋರಿಸ್ಲಿಕ್ಹತ್ತೀರಿ!”

ಕೆಲವು ವಾರಗಳ ಮೇಲೆ ಅದೇ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ನಮ್ಮ ಅಂಗಳಕ್ಕೆ ಎಳೆದು ತಂದರು. ಪ್ರವಾಸಿಗಳನ್ನು ಇಳಿಸಿ ಬರುವಾಗ ಎಮ್ಮೆ ಅಡ್ಡ ಬಂದಿದೆ, ಹುಲಿಗೆಪ್ಪ ಬ್ರೇಕು ತುಳಿದಿದ್ದಾನೆ, ಕ್ಯಾಲಿಪರ್ ಒಂದು ಕಡೆ ಕಿತ್ತುಕೊಂಡು ಚಕ್ರದೊಳಗೆ ಸಿಕ್ಕಿದೆ, ಗಾಡಿ ತಿರುಗಿ ಬಾಳೆತೋಟದ ಕಲ್ಲುಕಂಬಕ್ಕೆ ಹೊಡೆದಿದೆ. ಅವನ ಎಡಗಾಲು ಎರಡು ಕಡೆ ಮುರಿದಿತ್ತು. ಆ ಕಾಲು ಮತ್ತೆ ಕ್ಲಚ್ ತುಳಿಯಲಿಲ್ಲ. ಈಗ ಅವನು ಅದೇ ರಸ್ತೆಯ ಬದಿಗೆ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿದ್ದಾನೆ. ಈ ಜಗಳದಲ್ಲಿ ಒಂದು ಮಾತೂ ಆಡದೆ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಅವನೇ. ಅದನ್ನು ಮರೆತು ನಮ್ಮ ಮನೆಯ ದುಃಖವನ್ನಷ್ಟೇ ಹೇಳಿದರೆ ನನ್ನ ವಾದ ಮೋಸದ್ದಾಗುತ್ತದೆ. ಗಾಡಿಯ ಹಿಂದೆ ಬಂದ ಹುಲಿಗೆಪ್ಪನ ಅಣ್ಣ ಅಂಗಳದಲ್ಲಿ ನಿಂತು ಕೇಳಿದ.

“ಬೋಲ್ಟ್ ಟೈಟ್ ಮಾಡಿದ್ದು ಯಾರ್ರೀ?”

ಅಪ್ಪ ಚಕ್ರದ ಹತ್ತಿರ ಕೂತು ಒಳಗೆ ಕೈ ಹಾಕಿ ನೋಡುತ್ತಿದ್ದ. ಸಣ್ಣಪ್ಪನೂ ಬಗ್ಗಿ ನೋಡಿದ. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಇದ್ದವು. ಸಣ್ಣಪ್ಪ ಎದ್ದು ನಿಂತು “ನಾನ್ರಿ” ಎಂದ. ಆಮೇಲೆ ಅಪ್ಪ, ತಲೆ ಎತ್ತದೆ, ನಮ್ಮ ಮನೆಯನ್ನು ಎರಡು ಮಾಡಿದ ಮಾತು ಹೇಳಿದ.

“ಲೂಸ್ ಬಿಟ್ಟಾನ ಕಾಣತೈತಿ.”

ನಾನು ಸಣ್ಣಪ್ಪನ ಬಾಯನ್ನೇ ನೋಡುತ್ತ ನಿಂತೆ. ಊಟದ ಸಾಲಿನಲ್ಲಿ ಉಪ್ಪು ಕಮ್ಮಿ ಎಂಬ ಮಾತನ್ನೂ ಬಿಟ್ಟುಕೊಡದವನು ಈಗ ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಕೈ ಒರೆಸಿಕೊಂಡು ಒಳಗೆ ಹೋದ. ಅಂದು ಎಲ್ಲರೂ ಉಣ್ಣಲು ಕೂತರು. ಅಜ್ಜಿ ಎಲ್ಲರಿಗೂ ಬಡಿಸಿದಳು, ಎಲ್ಲರ ತಟ್ಟೆಗೂ ಕೊನೆಗೆ ಮತ್ತೊಂದು ಸೌಟು ಅನ್ನ ಹಾಕಿದಳು. ಸಣ್ಣಪ್ಪನ ತಟ್ಟೆಯ ಮುಂದೆ ಬಂದು ಒಂದು ಗಳಿಗೆ ನಿಂತಳು, ಹಾಕದೆ ಮುಂದೆ ಹೋದಳು. ಆ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಅದರ ಅರ್ಥ ಆಗುತ್ತದೆ. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ, ಹೊಡೆದಿದ್ದರೆ ನಗುತ್ತಿದ್ದ. ಸಣ್ಣಪ್ಪ ತಟ್ಟೆಯಲ್ಲಿ ಇದ್ದದ್ದನ್ನು ಉಂಡು ಮುಗಿಸಿ, ಕೈ ತೊಳೆದು, ಟ್ರಂಕು ತುಂಬಲು ಕೂತ. ಅಮ್ಮ ಬಾಗಿಲಿಗೆ ಅಡ್ಡ ನಿಂತು “ಎಲ್ಲಿಗೆ ಹೊಂಟ್ಯೋ, ಕುಂದ್ರು” ಎಂದು ಗೋಗರೆದಳು. ಅಪ್ಪ ಗುಂಡಿಯೊಳಗೆ ಇಳಿದು ಯಾವುದೋ ಗಾಡಿಯ ಕೆಲಸ ಮಾಡುತ್ತಿದ್ದ, ಮೇಲೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಮುಂಬಾಗಿಲು ತೆಗೆಯಲಿಲ್ಲ. ಒಳಗಿನಿಂದ ಡ್ರಿಲ್ ಮಶೀನಿನ ಸದ್ದು ಬರುತ್ತಿತ್ತು, ನಿಂತು ನಿಂತು, ಹೊತ್ತು ಏರುವವರೆಗೆ. ನಾನು ಬಾಗಿಲ ಸಂದಿನಲ್ಲಿ ನೋಡಿದೆ. ಅಪ್ಪ ಒಬ್ಬನೇ ಹುಲಿಗೆಪ್ಪನ ಗಾಡಿಯ ಚಕ್ರದ ಹತ್ತಿರ ಕೂತು ತೂತು ಕೊರೆಯುತ್ತಿದ್ದ. ಆಗ ಅದು ನನಗೆ ಬರೀ ಸದ್ದು. ಎಷ್ಟೋ ವರ್ಷಗಳ ಮೇಲೆ, ಪಿ.ಜಿ. ಓದುವಾಗ, ಒಂದು ವರ್ಕ್‌ಶಾಪಿನ ಮುಂದೆ ಬಸ್ಸು ಕೆಟ್ಟು ನಿಂತಿದ್ದಾಗ ಅದೇ ಸದ್ದು ಕೇಳಿತು. ಏನು ಮಾಡ್ತಿದೀರಿ ಎಂದು ಸುಮ್ಮನೆ ಕೇಳಿದೆ. ಬೋಲ್ಟು ಒಳಗೇ ಮುರಿದು ಕೂತಿದೆ, ಕೊರೆದು ತೆಗೀಬೇಕು ಎಂದರು. ಲೂಸಾದ ಬೋಲ್ಟು ಬಿಚ್ಚಿಕೊಂಡು ಬಿದ್ದುಹೋಗುತ್ತದೆ, ತೂತು ಖಾಲಿ ಇರುತ್ತದೆ. ಖಾಲಿ ತೂತಿಗೆ ಡ್ರಿಲ್ ಯಾಕೆ ಬೇಕು? ಅಲ್ಲಿಂದ ಮುಂದೆ ಉಳಿದದ್ದೂ ತಾನಾಗಿ ಬಂತು. ತೂತು ಕೊರೆದ ಆ ದಿನದ ನಂತರ ಅಪ್ಪ ಯಾವ ಬೋಲ್ಟಿಗೂ ಕೊಸರು ಹಾಕಿದ್ದನ್ನು ನಾನು ಕಂಡಿಲ್ಲ. ಗಿರಾಕಿಗಳು ಕೇಳಿದರೆ “ಈಗಿನ ಗಾಡಿಗೆ ಬ್ಯಾಡ್ರಿ” ಎಂದುಬಿಡುತ್ತಿದ್ದ. ಲೂಸ್ ಬಿಟ್ಟದ್ದರಿಂದ ಕೆಟ್ಟಿತು ಎಂದು ನಿಜವಾಗಿ ನಂಬಿದವನು ಇನ್ನಷ್ಟು ಬಿಗಿ ಮಾಡುತ್ತಾನೆ. ಅಪ್ಪ ಕೈ ಹಿಂದೆಗೆದ. ಅವನ ಬಾಯಿ ಒಂದು ಹೇಳುತ್ತಿತ್ತು, ಕೈ ಇನ್ನೊಂದು ಹೇಳುತ್ತಿತ್ತು, ನಾವೆಲ್ಲ ಬಾಯನ್ನು ನಂಬಿಕೊಂಡೆವು.

ಹೋದ ವರ್ಷ ಸಂಡೂರಿನ ಕಡೆಯ ವಡ್ಡು ಎಂಬ ಊರಿಗೆ ಹೋಗಿ ಸಣ್ಣಪ್ಪನನ್ನು ಕಂಡೆ. ಅಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಈಗ ಅವನೇ ಹಿರಿಯ. ಕೂದಲು ನೆರೆತಿದೆ, ಬಾಯಿ ನೆರೆತಿಲ್ಲ. ಬೆಂಚಿನ ಮೇಲಿದ್ದ ಸಾಮಾನು ಸರಿಸಿ ಜಾಗ ಮಾಡಿದ. ನಾನು ನನ್ನ ವಾದವನ್ನು ಮೊದಲಿನಿಂದ ಕೊನೆಯವರೆಗೆ ಇಟ್ಟೆ. ಅವನು ತಲೆದೂಗುತ್ತ ಕೇಳಿದ, ಎಲ್ಲೋ ಬಹುಮಾನ ಕೊಡುವವನ ಹಾಗೆ.

“ಮಸ್ತ್ ಹೇಳಿದಿ ಬಿಡು, ವಕೀಲಮ್ಮ. ಕುತ್ತಿಗಿ ಸಣ್ಣಗಾಗಿ ಹರ್ದಿತ್ತು ಬೋಲ್ಟು. ನಾನೂ ನೋಡಿದ್ನಿ, ಅಣ್ಣನೂ ನೋಡಿದ್ದ.”

“ಮತ್ತ ಅಲ್ಲೇ ಯಾಕ ಹೇಳ್ಲಿಲ್ಲ ಸಣ್ಣಪ್ಪ? ಉಪ್ಪಿನ ಸಲುವಾಗಿ ಜಗಳಾ ಆಡ್ತಿದ್ದಿ.”

“ಮುರದೈತಿ ಅಂದ್ರ ಮುಂದಿನ ಪ್ರಶ್ನಿ ಏನು? ಯಾಕ ಮುರೀತು? ಟಕ್ ಅಂದ ಮ್ಯಾಲ ಜಗ್ಗಿದ್ದಕ್ಕ. ಯಾಕ ಜಗ್ಗಿದ್ರಿ? ಅವ್ವ ಹೇಳಿದ್ಲು. ಬಂದು ನಿಂತಿತಲ್ಲ ಅವ್ವನ ಕಾಲಾಗ? ಕೊಸರಿನಿಂದ ಒಬ್ಬಂದು ಕಾಲು ಹೋತು ಅಂತ ನಮ್ಮವ್ವಗ ಗೊತ್ತಾಗಿದ್ರ, ಆಕಿ ಮತ್ತೊಬ್ಬರಿಗೆ ಅನ್ನ ಹಾಕ್ತಿದ್ಲೇನು? ಬ್ಯಾಡ, ನನ್ನ ಮ್ಯಾಲ ಇರ್ಲಿ ಅಂದ್ಕೊಂಡೆ. ಒಂದು ತಿಂಗಳು ಕಳದ್ರ ಅಣ್ಣ ಕರೀಲಿಕ್ಕೆ ಬರ್ತಾನ ಅಂತಿತ್ತು.”

“ಬರ್ಲಿಲ್ಲ.”

“ದಾರಿ ಗೊತ್ತಿರ್ಲಿಲ್ಲೇನೋ.” ನಕ್ಕ. ಆಮೇಲೆ ಚಹಾ ತರಿಸಲು ಎದ್ದು ಹೋದವನು ಬಹಳ ಹೊತ್ತು ವಾಪಸ್ ಬರಲಿಲ್ಲ.

ನಾನು ಗೆದ್ದ ಎಷ್ಟೋ ವಾದಗಳಲ್ಲಿ ಎದುರಿನವರ ಮೌನವನ್ನು ಸೋಲೆಂದೇ ಬರೆದುಕೊಂಡಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಆ ಲೆಕ್ಕದ ಮೇಲಿನ ನಂಬಿಕೆ ಹೋಯಿತು. ಸಣ್ಣಪ್ಪನ ಮೌನಕ್ಕೆ ಈಗ ಕಾರಣ ಸಿಕ್ಕಿತ್ತು. ಅಪ್ಪನದಕ್ಕೆ ಸಿಕ್ಕಿರಲಿಲ್ಲ. ಅವನೂ ಅಜ್ಜಿಯ ಸಲುವಾಗಿಯೇ ಸುಮ್ಮನಿದ್ದಿರಬಹುದು. ಅಪ್ಪನ ಪರ ವಾದ ಮಾಡಬೇಕಾಗಿ ಬಂದರೆ ನಾನು ಅದನ್ನೇ ಮುಂದಿಡುತ್ತೇನೆ. ಆದರೆ ಅಜ್ಜಿ ಹಾಸಿಗೆ ಹಿಡಿದ ದಿನಗಳಲ್ಲಿ, ಅಪ್ಪ ಆಕೆಯ ಕಾಲು ಒತ್ತುತ್ತಿದ್ದಾಗ, ಆಕೆ ಒಂದು ಮಾತು ಕೇಳಿದ್ದಳು. “ಬಸಣ್ಣ, ವೀರೇಶಿ ಅಷ್ಟು ಶಾಣ್ಯಾ ಇದ್ದ, ಯಾಕ ಲೂಸ್ ಬಿಟ್ಟನೋ?” ಅಪ್ಪ “ಮಲಕ್ಕೋ ಯವ್ವ” ಎಂದು ಚಾದರ ಹೊದಿಸಿ ಹೊರಗೆ ಹೋದ. ಮಗ ಕೆಲಸಗೇಡಿ ಎಂಬ ಸಂಕಟ ಇಟ್ಟುಕೊಂಡೇ ಅಜ್ಜಿ ಹೋದಳು. ಮಣ್ಣಿಗೆ ಸಣ್ಣಪ್ಪ ಬಂದಿದ್ದ, ದೂರ ನಿಂತು ಕೈಮುಗಿದು ಹೋದ. ಅವನನ್ನು ನೋಡಿ ಓಣಿಯವರು ತಮ್ಮ ತಮ್ಮಲ್ಲೇ ಅದೇ ಕಥೆಯನ್ನು ಮತ್ತೊಮ್ಮೆ ಹೇಳಿಕೊಂಡರು. ಅಪ್ಪ ಅವರ ಪಕ್ಕದಲ್ಲೇ ನಿಂತಿದ್ದ, ಎಲ್ಲ ಕೇಳಿಸುತ್ತಿತ್ತು.

ಮೊನ್ನೆ ಊರಿಗೆ ಹೋದಾಗ ಅಪ್ಪ ಮಧ್ಯಾಹ್ನದ ಕೆಲಸ ಬಿಟ್ಟು ಕೈ ತೊಳೆಯುತ್ತಿದ್ದ. ನಾನು ನೀರು ಹಾಕುತ್ತಿದ್ದೆ. ವಡ್ಡುವಿಗೆ ಹೋಗಿದ್ದೆ ಎಂದೆ. ತಿಕ್ಕುತ್ತಿದ್ದ ಕೈ ನಿಂತಿತು. ಹೆಂಗದಾನ ಎಂದು ಕೇಳುತ್ತಾನೆ ಎಂದುಕೊಂಡೆ, ಕೇಳಲಿಲ್ಲ. ನಾನು ಡ್ರಿಲ್ಲಿನ ಮಾತು ಎತ್ತಲಿಲ್ಲ, ಕಟ್ಟಿಕೊಂಡು ಬಂದಿದ್ದ ವಾದ ಯಾವುದನ್ನೂ ಎತ್ತಲಿಲ್ಲ. ಅವನನ್ನು ಸೋಲಿಸುವ ಆಸೆ ನನಗಿರಲಿಲ್ಲ. ತಂಬಿಗೆ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದೆ. ಅಪ್ಪ ಒದ್ದೆ ಕೈ ಹಾಗೇ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತ ನಿಂತ. ಈಗಲೂ ಕೇಳುತ್ತಿದ್ದೇನೆ.

“ಅಪ್ಪ, ಅಜ್ಜಿ ಇರೋತನಕ ಅಜ್ಜಿ ಸಲುವಾಗಿ ಸುಮ್ಮನಿದ್ದಿ ಅಂತ ಇಟ್ಕೊಳ್ಳೋಣು. ಆಕಿ ಹೋದ ಮ್ಯಾಲ ಯಾರ ಸಲುವಾಗಿ ಸುಮ್ಮನಿದ್ದಿ?”